ಮಾಜಿ ರಾಷ್ಟ್ರನಾಯಕರೂ ಪರದೇಶದ ನ್ಯಾಯಾಸನವೂ

ಸಾಮಾನ್ಯನಾದವನೊಬ್ಬನು ಕೊಲೆಮಾಡಿ ಊರು ಬಿಟ್ಟು ಓಡಿದರೆ ಪೋಲೀಸರು ಅವನನ್ನು ಹುಡುಕಿಕೊಂಡು ಪರರಾಜ್ಯಕ್ಕೂ ಹೋಗುತ್ತಾರೆ. ಸಾವಿರಾರು ಜನರನ್ನು ಕೊಲ್ಲಿಸಿದವನು ದೇಶದ ಅಧ್ಯಕ್ಷನಾಗಿದ್ದವನಾದರೆ ಪರದೇಶದಲ್ಲಿ ಅವನಿಗೆ ರತ್ನಗಂಬಳಿ ಹಾಸುತ್ತಾರೆ. ಲೋಕದ ರೂಢಿ ಬಹುಕಾಲ ಹೀಗೆಯೇ ನಡೆದುಬಂದಿತು. ರಾಷ್ಟ್ರದ ಮುಖ್ಯಸ್ಥನೆಂದರೆ ಆ ರಾಷ್ಟ್ರವೇ. ಸರಿಸಮಾನವಾದ ರಾಷ್ಟ್ರಗಳಲ್ಲಿ ಒಂದು ಇನ್ನೊಂದನ್ನು ಕಟಕಟೆಗೆ ಎಳೆಯಲಾಗದು ಎಂಬುದು ಇದಕ್ಕೆ ಹೇಳುತ್ತಿದ್ದ ಸಮಾಧಾನ. ಈ ಸಮಾಧಾನಕ್ಕೆ ಬಲವಾದ ಪೆಟ್ಟು ಬಿದ್ದುದು 1998ನೆಯ ಇಸವಿ ಅಕ್ಟೋಬರ್ 16ರ ರಾತ್ರಿ, ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ.

ಅಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಲಗಿದ್ದವನು ಚಿಲಿ ದೇಶದ ಮಾಜಿ ಸರ್ವಾಧಿಕಾರಿ ಜನರಲ್ ಆಗಸ್ಟೊ ಪಿನೊಚೆ. 1973ರ ಸೆಪ್ಟೆಂಬರ್ 11ರಂದು, ಜನರಿಂದ ಚುನಾಯಿತನಾಗಿದ್ದ ಅಧ್ಯಕ್ಷ ಸಾಲ್ವಡೋರ್ ಅಯೆಂದೆಯ ಸರ್ಕಾರವನ್ನು ಸೈನ್ಯಬಲದಿಂದ ಉರುಳಿಸಿದ ಸೇನಾನಿಗಳ ಮುಖಂಡನೀತ. 1990ರವರೆಗೆ ಇವನ ಆಳ್ವಿಕೆ. ಆ ಕಾಲದಲ್ಲಿ ಸತ್ತವರೂ ಕಣ್ಮರೆಯಾದವರೂ ಸೇರಿ 3,000ಕ್ಕೂ ಹೆಚ್ಚು ಮಂದಿಯೆಂದು ಚಿಲಿಯ ಸರ್ಕಾರವೇ ನೇಮಿಸಿದ ಆಯೋಗಗಳು ಲೆಕ್ಕ ಹಾಕಿವೆ. ಚಿತ್ರಹಿಂಸೆಗೆ ಸಿಕ್ಕು ಬದುಕುಳಿದವರು ಇದರ ಎಷ್ಟೋ ಪಟ್ಟು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು. ಸ್ಪೇನ್ ದೇಶದ ನ್ಯಾಯಾಧೀಶ ಬಲ್ತಾಸಾರ್ ಗಾರ್ಸೋನ್ ಕಳುಹಿಸಿದ ಕೋರಿಕೆಯ ಮೇರೆಗೆ ಲಂಡನ್ನಿನ ಪೋಲೀಸರು ಬಂದು ಹಾಸಿಗೆಯ ಪಕ್ಕದಲ್ಲಿ ನಿಂತರು.

ಮುಂದೆ ನಡೆದ ವ್ಯಾಜ್ಯ ಒಂದು ನಾಟಕದಂತಿದೆ. ಮಾಜಿ ರಾಷ್ಟ್ರಾಧ್ಯಕ್ಷನಿಗೆ ರಕ್ಷಣೆಯುಂಟೆಂದು ಉಚ್ಚನ್ಯಾಯಾಲಯ ಹೇಳಿತು. ಇಲ್ಲವೆಂದು ಲಾರ್ಡ್ಸ್ ಸಭೆಯ ಐವರಲ್ಲಿ ಮೂವರು ಹೇಳಿದರು. ಆ ಮೂವರಲ್ಲಿ ಒಬ್ಬರಿಗೆ ಮೊಕದ್ದಮೆಯಲ್ಲಿ ವಾದಿಸಿದ್ದ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯೊಡನೆ ಸಂಬಂಧವಿತ್ತೆಂದು ತಿಳಿದುಬಂದು ಆ ತೀರ್ಪೇ ರದ್ದಾಯಿತು. ಕೊನೆಗೆ 1999ರ ಮಾರ್ಚ್ 24ರಂದು ಏಳು ಮಂದಿ ನ್ಯಾಯಾಧಿಪತಿಗಳಲ್ಲಿ ಆರು ಮಂದಿ ಒಪ್ಪಿ ಹೊಸ ತೀರ್ಪಿತ್ತರು. ಚಿತ್ರಹಿಂಸೆಯನ್ನು ನಿಷೇಧಿಸುವ 1984ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಚಿಲಿ, ಸ್ಪೇನ್, ಬ್ರಿಟನ್ ಮೂರೂ ಸೇರಿದ್ದುವು. ಹಿಂಸೆಯನ್ನು ಅಧಿಕಾರಿಗಳು ನಡೆಸಿದಾಗಲೇ ಅದು ಅಪರಾಧವೆನ್ನುವ ಒಪ್ಪಂದಕ್ಕೆ ಒಪ್ಪಿ, ಆ ಅಧಿಕಾರಿಗಳಲ್ಲೆಲ್ಲ ದೊಡ್ಡವನಿಗೆ ಮಾತ್ರ ವಿನಾಯಿತಿಯೆಂದರೆ ಅರ್ಥವೇನು? ವಾದದ ತಿರುಳು ಇದೇ. ನನಗೆ ಇದಕ್ಕೆ ಉತ್ತರ ಕಾಣುವುದಿಲ್ಲ. ಆದರೆ ಬ್ರಿಟನ್ ಈ ಒಪ್ಪಂದವನ್ನು ಸ್ಥಿರೀಕರಿಸಿದ್ದು 1988ರ ಡಿಸೆಂಬರ್ 8ರಂದು. ಅದಕ್ಕೆ ಹಿಂದಿನ ಆರೋಪಗಳೆಲ್ಲ, ಎಂದರೆ ಬಹುಪಾಲು ಆರೋಪಗಳು, ಬಿದ್ದುಹೋದವು. ಹೀಗೆ, ಪಿನೊಚೆಯ ಅತಿ ಘೋರವಾದ ವರ್ಷಗಳು ತಕ್ಕಡಿಗೇ ಬರಲಿಲ್ಲ. 503 ದಿನ ಬಂಧನದಲ್ಲಿದ್ದ ಮೇಲೆ, ವಿಚಾರಣೆಗೆ ನಿಲ್ಲುವಷ್ಟು ಆರೋಗ್ಯವಿಲ್ಲವೆಂಬ ಕಾರಣದಿಂದ ಗೃಹಮಂತ್ರಿಯವರು 2000ದ ಮಾರ್ಚ್ 2ರಂದು ಅವನನ್ನು ಬಿಟ್ಟುಬಿಟ್ಟರು. ಚಿಲಿಯ ವಿಮಾನ ನಿಲ್ದಾಣದಲ್ಲಿ ಇಳಿದ ರೋಗಿಯು ಗಾಲಿಕುರ್ಚಿಯಿಂದ ಎದ್ದು ನಡೆದನು! ಸ್ವದೇಶದ ಗಾಳಿಯಲ್ಲಿ ಅಂಥ ಔಷಧವೇನಿತ್ತೋ ವೈದ್ಯರೇ ಹೇಳಬೇಕು.

ಇರಲಿ. ಇಂಥ ವಿಚಾರಣೆಗೆ ಎದುರಾಗಿ ಹೇಳುವ ಮಾತುಗಳೂ ಹಗುರವಾದವಲ್ಲ. ಚಿಲಿಯ ನೆಲದಲ್ಲಿ ನಡೆದುದಕ್ಕೆ ಚಿಲಿಯವನನ್ನು ವಿಚಾರಿಸಲು ಸ್ಪೇನಿಗೇನು ಅಧಿಕಾರ? ಸ್ಪೇನ್ ಒಂದು ಕಾಲಕ್ಕೆ ಚಿಲಿಯನ್ನಾಳಿದ ದೇಶ. ಅಷ್ಟೇ ಅಲ್ಲ, ಫ್ರಾಂಕೋನ ಸರ್ವಾಧಿಕಾರ ಮುಗಿದ ಮೇಲೆ 1977ರಲ್ಲಿ ಕ್ಷಮಾದಾನದ ಶಾಸನ ಮಾಡಿ ತನ್ನ ಮನೆಯ ಕಡತಗಳನ್ನು ಮುಚ್ಚಿಟ್ಟ ದೇಶ. ಪರರ ಆಳ್ವಿಕೆಯನ್ನು ಕಂಡ ನಮ್ಮಂಥವರಿಗೆ ಇದು ಬೇಗ ನಾಟುತ್ತದೆ. ಎರಡನೆಯ ಮಹಾಯುದ್ಧದ ಅನಂತರ ಟೋಕಿಯೋದಲ್ಲಿ ಕುಳಿತ 11 ನ್ಯಾಯಾಧೀಶರಲ್ಲಿ ನಮ್ಮ ರಾಧಾಬಿನೋದ ಪಾಲರು ಒಬ್ಬರು. ಜಪಾನಿನ ನಾಯಕರೆಲ್ಲರೂ ನಿರ್ದೋಷಿಗಳೆಂದು 1948ರಲ್ಲಿ ಭಿನ್ನ ತೀರ್ಪು ಬರೆದವರು ಅವರು. ಜಪಾನೀಯರ ಕ್ರೌರ್ಯವನ್ನು ಅವರು ಅಲ್ಲಗಳೆಯಲಿಲ್ಲ. ಗೆದ್ದವರು ಸೋತವರಿಗಾಗಿ, ಕೃತ್ಯ ನಡೆದ ಮೇಲೆ ಶಾಸನ ಹೊಸೆಯಬಾರದೆಂದರು. ಪಾಲರ ಈ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ಅದು ಪಿನೊಚೆಗೆ ಒದಗದು. ಅವನ ಮೇಲಿನ ಶಾಸನ ಗೆದ್ದವರು ಆಮೇಲೆ ಹೊಸೆದದ್ದಲ್ಲ. ಅವನ ಸರ್ಕಾರವೇ ಒಪ್ಪಿ ಸಹಿ ಹಾಕಿದ್ದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಕಠಿಣ. ಪದವಿಯಲ್ಲಿರುವ ವಿದೇಶಾಂಗ ಮಂತ್ರಿಯನ್ನು ಪರದೇಶದ ನ್ಯಾಯಾಲಯ ಹಿಡಿಯಲಾಗದೆಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ 2002ರಲ್ಲಿ ಕಾಂಗೋ ಮತ್ತು ಬೆಲ್ಜಿಯಂಗಳ ವ್ಯಾಜ್ಯದಲ್ಲಿ ತೀರ್ಪಿತ್ತಿತು. ಕುರ್ಚಿಯಲ್ಲಿರುವವರೆಗೆ ಕ್ಷೇಮ, ಇಳಿದರೆ ಅಪಾಯ ಎಂದಾದರೆ ಕ್ರೂರಿಯಾದವನು ಇಳಿಯುವುದೇಕೆ? ಪಿನೊಚೆ ಇಳಿದದ್ದು ಒಂದು ಬಗೆಯ ಕರಾರಿನಿಂದ. 1978ರಲ್ಲಿಯೇ ತನ್ನವರಿಗೆ ಕ್ಷಮಾದಾನ ಬರೆದುಕೊಂಡಿದ್ದ. 1988ರ ಜನಮತದಲ್ಲಿ ಸೋತ ಮೇಲೂ 1998ರವರೆಗೆ ಸೇನಾಧಿಪತಿಯಾಗಿಯೇ ಉಳಿದ. ಚಿಲಿಯ ಜನ ಆ ಬೆಲೆ ತೆತ್ತು ಪ್ರಜಾಪ್ರಭುತ್ವವನ್ನು ಮರಳಿ ಪಡೆದರು. ಹೊರಗಿನವರು ಆ ಕರಾರನ್ನು ಮುರಿಯುವುದು ನ್ಯಾಯವೇ? ಚಿಲಿಯ ಹೊಸ ಸರ್ಕಾರವೇ ಬಂಧನವನ್ನು ಪ್ರತಿಭಟಿಸಿತ್ತು. ಆದರೂ ಒಂದು ಮಾತು: ಆ ಕರಾರಿನ ಮಾತುಕತೆಯಲ್ಲಿ ಕಣ್ಮರೆಯಾದವರ ತಾಯಂದಿರನ್ನು ಯಾರೂ ಕೇಳಿರಲಿಲ್ಲ. ಭಯಪಟ್ಟಂತೆ ಸೈನ್ಯ ಮತ್ತೆ ದಂಗೆಯೇಳಲೂ ಇಲ್ಲ. ಬದಲಾಗಿ ಚಿಲಿಯ ನ್ಯಾಯಾಲಯಗಳಿಗೇ ಧೈರ್ಯ ಬಂತು. 2000ದ ಆಗಸ್ಟಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅವನ ರಕ್ಷಣೆಯನ್ನು ಕಿತ್ತುಹಾಕಿತು. ಶವ ಸಿಗದಿರುವವರೆಗೆ ಅಪಹರಣವು ಮುಗಿಯದ ಅಪರಾಧ, ಆದ್ದರಿಂದ 1978ರ ಕ್ಷಮಾದಾನ ಅದಕ್ಕೆ ತಗಲದು ಎಂಬ ಅದ್ಭುತವಾದ ತರ್ಕವನ್ನು ಅಲ್ಲಿನ ನ್ಯಾಯಾಧೀಶರು ಕಂಡುಕೊಂಡರು. ಪಿನೊಚೆ ಮಾತ್ರ ಶಿಕ್ಷೆಯಿಲ್ಲದೆ 2006ರ ಡಿಸೆಂಬರ್ 10ರಂದು ಸತ್ತನು.

ಬಲಿಷ್ಠ ರಾಷ್ಟ್ರಗಳ ನಾಯಕರನ್ನು ಹೀಗೆ ಹಿಡಿಯುವವರುಂಟೆ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕು. ಅದಕ್ಕಾಗಿ ಸಿಕ್ಕವನನ್ನು ಬಿಡಬೇಕೆಂಬ ವಾದ ನನಗೆ ರುಚಿಸದು. ಆದರೆ ವಿಚಾರಣೆ ಎಲ್ಲಿ ನಡೆಯಬೇಕೆಂಬುದು ಮುಖ್ಯ. ಚಾಡ್ ದೇಶವನ್ನು 1982ರಿಂದ 1990ರವರೆಗೆ ಆಳಿದ ಹಿಸೆನ್ ಹಾಬ್ರೆ ಓಡಿಹೋಗಿ ಸೆನೆಗಾಲಿನಲ್ಲಿ ಹಾಯಾಗಿದ್ದ. ಬಲಿಯಾದವರು ಇಪ್ಪತ್ತು ವರ್ಷಕ್ಕೂ ಮೀರಿ ಬಾಗಿಲು ಬಾಗಿಲು ತಟ್ಟಿದರು. ವಿಚಾರಿಸು, ಇಲ್ಲವೇ ಒಪ್ಪಿಸು ಎಂದು ಹೇಗ್ ನ್ಯಾಯಾಲಯ 2012ರಲ್ಲಿ ಸೆನೆಗಾಲಿಗೆ ಆಜ್ಞಾಪಿಸಿತು. ಆಫ್ರಿಕದ ಒಕ್ಕೂಟದೊಡನೆ ಕೂಡಿ ಡಕಾರಿನಲ್ಲಿ ವಿಶೇಷ ನ್ಯಾಯಾಲಯ ಕುಳಿತಿತು. 2016ರ ಮೇ 30ರಂದು ಅವನಿಗೆ ಆಜೀವ ಸೆರೆಯಾಯಿತು. ಚಾಡಿನ ಹಳ್ಳಿಯವರು ಬಂದು ತಮ್ಮನ್ನಾಳಿದವನ ಎದುರಿಗೆ ನಿಂತು ಸಾಕ್ಷಿ ನುಡಿದರು. ಲಂಡನ್ನಿಗಿಂತ ಡಕಾರ್ ನನಗೆ ಹೆಚ್ಚು ಮೆಚ್ಚುಗೆ.

ನಮ್ಮ ದೇಶದ ಸಂಗತಿಯನ್ನೂ ಹೇಳದೆ ವಿಧಿಯಿಲ್ಲ. ಪಿನೊಚೆಯನ್ನು ಕಟ್ಟಿಹಾಕಿದ ಆ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಇನ್ನೂ ಸ್ಥಿರೀಕರಿಸಿಲ್ಲ. ಅದಕ್ಕೆ ಬೇಕಾದ ಮಸೂದೆಯೊಂದನ್ನು ಲೋಕಸಭೆ 2010ರಲ್ಲಿ ಅಂಗೀಕರಿಸಿತು. ರಾಜ್ಯಸಭೆ ಅದನ್ನು ಸಮಿತಿಗೆ ಒಪ್ಪಿಸಿತು, ಮಸೂದೆ ಶಾಸನವಾಗಲಿಲ್ಲ.