ಕೂಳೆ ಗದ್ದೆಯಲ್ಲಿ ಕಾರು

ಈ ಆಟೋಕ್ರಾಸಿನ ಹುಚ್ಚು ನಿನಗೆ ಎಲ್ಲಿ ಹತ್ತಿತು ಮಾರಾಯ ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಒಂದು ಭಾನುವಾರದ ಕಥೆ. ಆ ದಿನ ನಾನು ಬೆಳಗಿನಿಂದ ಸಂಜೆಯವರೆಗೆ ಒಂದೇ ತಿರುವಿನ ಪಕ್ಕದಲ್ಲಿ ನಿಂತಿದ್ದೆ. ಹುಚ್ಚು ಹತ್ತಿದ್ದು ಅಲ್ಲಿ ನಿಂತಾಗಲೇ. ಸ್ಟೀರಿಂಗ್ ಹಿಡಿದದ್ದು ಆಮೇಲಿನ ಮಾತು.

ನಮ್ಮ ಕಡೆ ಫೆಬ್ರವರಿ ಅಂದರೆ ಗದ್ದೆಗೆ ಬಿಡುವು. ಬತ್ತ ಕೊಯ್ದು, ಕಣ ಮುಗಿದು, ಹುಲ್ಲು ಬಣವೆಗೆ ಏರಿರುತ್ತದೆ. ತೋಟದಲ್ಲಿ ರೋಬಸ್ಟಾ ಕೊಯ್ಲು ಕೊನೆಗೆ ಬಂದಿರುತ್ತದೆ, ಹೂಮಳೆಗೆ ಇನ್ನೂ ದಿನ ಇರುತ್ತದೆ. ಮಾರುತಿ 800 ಇನ್ನೂ ಕಾರ್ಖಾನೆಯಿಂದ ಹೊರಬರುತ್ತಿದ್ದ ಕಾಲ ಅದು. ಮೂಡಿಗೆರೆಯಿಂದ ಸಕಲೇಶಪುರದ ಕಡೆಗೆ ಹೋಗುವಾಗ ರಸ್ತೆಯ ಕೆಳಗೆ ಗದ್ದೆಬಯಲುಗಳು ಸಿಗುತ್ತವಲ್ಲ, ಅಂಥ ಒಂದು ಬಯಲನ್ನು ನಮ್ಮ ಮೋಟಾರ್ ಕ್ಲಬ್ಬಿನವರು ಗೊತ್ತು ಮಾಡಿದ್ದರು. ಕ್ಲಬ್ಬು ಅಂದರೆ ದೊಡ್ಡ ಕಟ್ಟಡ ಏನಲ್ಲ. ನಾಲ್ಕೈದು ಜನ ಪ್ಲಾಂಟರುಗಳು, ಗ್ಯಾರೇಜಿನವರು, ಒಂದಿಬ್ಬರು ಮೇಷ್ಟ್ರುಗಳು, ನನ್ನಂಥ ಹುಡುಗರು. ಕಾರ್ಯದರ್ಶಿ ಗೌಡ್ರ ಮನೆಯ ಜಗಲಿಯೇ ಆಫೀಸು.

ಆಟೋಕ್ರಾಸ್ ನೋಡದವರಿಗೆ ಒಂದು ಮಾತು. ಇಲ್ಲಿ ಕಾರುಗಳು ಒಂದರ ಮೈಗೆ ಒಂದು ಉಜ್ಜಿಕೊಂಡು ಓಡುವುದಿಲ್ಲ. ಆ ದಿನ ಟ್ರ್ಯಾಕಿನ ಮೇಲೆ ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಗಡಿಯಾರ ಮಾತ್ರ. ಅಮೆರಿಕದಲ್ಲಿ ಇದೇ ಹೆಸರಿನ ಆಟವನ್ನು ಹಳೆಯ ವಿಮಾನ ನಿಲ್ದಾಣಗಳ ಡಾಂಬರಿನ ಮೇಲೆ, ಪಾರ್ಕಿಂಗ್ ಜಾಗಗಳಲ್ಲಿ ರಬ್ಬರ್ ಕೋನುಗಳನ್ನು ಇಟ್ಟು ಆಡುತ್ತಾರೆ. ಒಂದು ಕೋನು ಬಿದ್ದರೆ ಲೆಕ್ಕಕ್ಕೆ 2 ಸೆಕೆಂಡು ಸೇರುತ್ತದೆ. ಇಂಗ್ಲೆಂಡಿನಲ್ಲಿ ಹುಲ್ಲುಗಾವಲು, ಪೈರು ಕೊಯ್ದ ಹೊಲ. ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೂಳೆ ಗದ್ದೆ. ನನ್ನನ್ನು ಕೇಳಿದರೆ ಈ ಆಟಕ್ಕೆ ಗದ್ದೆಯಷ್ಟು ಒಳ್ಳೆಯ ನೆಲ ಬೇರೆ ಇಲ್ಲ. ಡಾಂಬರು ಬೆಳಗ್ಗೆ ಇದ್ದ ಹಾಗೆಯೇ ಹೆಚ್ಚುಕಡಿಮೆ ಸಂಜೆಗೂ ಇರುತ್ತದೆ. ಗದ್ದೆ ಗಂಟೆಗೊಂದು ಬಗೆ.

ಶನಿವಾರವೇ ಜೆಸಿಬಿ ಬಂದು ಅಂಚುಗಳನ್ನು ಅಲ್ಲಲ್ಲಿ ಕಡಿದಿತ್ತು. ಹಿಂದೆ ಟ್ರ್ಯಾಕ್ಟರ್ ಓಡಾಡಿ ಮಟ್ಟ ಮಾಡಿತು, ಟ್ಯಾಂಕರಿನವರು ನೀರು ಹೊಡೆದರು. ಬಿದಿರಿನ ಗೂಟ ನೆಟ್ಟು ಕೆಂಪು-ಬಿಳಿ ಪಟ್ಟಿ ಕಟ್ಟಿದೆವು. ಮಳೆಗಾಲಕ್ಕೆ ಮುಂಚೆ ಕಡಿದ ಅಂಚನ್ನೆಲ್ಲ ಮೊದಲಿನಂತೆ ಕಟ್ಟಿಕೊಡುತ್ತೇವೆ ಅಂತ ಗೌಡ್ರು ಗದ್ದೆಯವರಿಗೆ ಮಾತು ಕೊಟ್ಟಿದ್ದರು. ಕಟ್ಟಿಸಿಯೂ ಕೊಟ್ಟರು, ಅದನ್ನು ಹೇಳಲೇಬೇಕು. ಊರಿನವರು ಗದ್ದೆ ಬಿಟ್ಟುಕೊಡದಿದ್ದರೆ ಈ ಆಟ ಎಲ್ಲಿಂದ ಬರಬೇಕು?

ಸ್ಕ್ರೂಟಿನಿ ನೋಡುವ ಕೆಲಸ ನಮ್ಮ ಪೇಟೆಯ ಗ್ಯಾರೇಜಿನ ಮೇಸ್ತ್ರಿಯದು. ಬ್ಯಾಟರಿ ಬಿಗಿಯಾಗಿದೆಯಾ, ಸೀಟ್ ಬೆಲ್ಟ್ ಸರಿ ಇದೆಯಾ, ಹೆಲ್ಮೆಟ್ ಎಂಥದು, ಎಳೆಯುವ ಕೊಕ್ಕೆ ಇದೆಯಾ, ಎಲ್ಲವನ್ನೂ ಕೈಯಾರೆ ಜಗ್ಗಿ ನೋಡಿದರೇ ಅವರಿಗೆ ಸಮಾಧಾನ. ದೇಶದ ಮೋಟಾರ್ ಕ್ರೀಡೆಯ ಒಕ್ಕೂಟವಾದ ಎಫ್‌ಎಂಎಸ್‌ಸಿಐಯ ಲೈಸೆನ್ಸ್ ಇಲ್ಲದವರು ಸಾಲಿಗೇ ಬರುವ ಹಾಗಿಲ್ಲ. ಆಂಬುಲೆನ್ಸ್ ಬರುವುದು ತಡವಾಯಿತು ಅಂತ ಅರ್ಧ ಗಂಟೆ ಎಲ್ಲರೂ ಕಾದೆವು. ಅದು ಬಂದು ನಿಲ್ಲುವವರೆಗೆ ಗೌಡ್ರು ಒಂದು ಇಂಜಿನ್ನನ್ನೂ ಸ್ಟಾರ್ಟ್ ಮಾಡಲು ಬಿಡಲಿಲ್ಲ.

ನನ್ನ ಕೈಗೆ ಕೊಟ್ಟದ್ದು ಒಂದು ಹಳದಿ ಬಾವುಟ, ಒಂದು ಕೆಂಪು ಬಾವುಟ, ಒಂದು ಪಾಕೆಟ್ ನೋಟ್‌ಬುಕ್ಕು. ಜಾಗ ಮೂರನೇ ತಿರುವು. ಗೂಟ ಮುರಿದವರ ನಂಬರ್ ಬರೆದುಕೊಳ್ಳಬೇಕು, ಒಂದಕ್ಕೆ ಐದು ಸೆಕೆಂಡು ದಂಡ. ಉದ್ದದ ನೇರ ಓಟ ಮುಗಿದ ಮೇಲೆ, ಕಡಿದ ಅಂಚಿನಿಂದ ಒಂದು ಗೇಣು ಕೆಳಗಿಳಿದು, ತಟಕ್ಕನೆ ಬಲಕ್ಕೆ ಹೊರಳುವ ತಿರುವು ಅದು. ಆಚೆ ದಡದಲ್ಲಿ ಒಂದು ಹಲಸಿನ ಮರ.

ಬೆಳಗಿನ ಇಬ್ಬನಿಗೆ ಮಣ್ಣು ಕಪ್ಪಗೆ ಹಸಿಯಾಗಿತ್ತು. ಬೆಂಗಳೂರಿನಿಂದ ಟ್ರೇಲರಿನಲ್ಲಿ ಬಂದ ದೊಡ್ಡ ಇಂಜಿನ್ನಿನ ಕಾರೊಂದು ನೇರ ಓಟದಲ್ಲಿ ಎದೆ ನಡುಗುವ ಹಾಗೆ ಬಂತು. ಅಂಚು ಇಳಿದ ಮೇಲೆ ಬ್ರೇಕು ಬಿತ್ತು. ಮುಂದಿನ ಎರಡೂ ಚಕ್ರ ಪೂರಾ ಬಲಕ್ಕೆ ತಿರುಗಿದ್ದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಕಾರು ಮಾತ್ರ ನೇರಕ್ಕೇ ಜಾರುತ್ತ ಹೋಗಿ ಎರಡು ಗೂಟ ಮುರಿಯಿತು. ಅದರ ಬೆನ್ನಿಗೇ ಒಂದು ಹಳೇ ಮಾರುತಿ 800. ಮೂರು ಸಿಲಿಂಡರು, 796 ಸಿಸಿ, ಹನ್ನೆರಡು ಇಂಚಿನ ಚಕ್ರ. ಅಂಚಿಗೆ ಇನ್ನೂ ದೂರ ಇರುವಾಗಲೇ ಅದರ ಸದ್ದು ಒಂದು ಕ್ಷಣ ಇಳಿಯಿತು, ಮೂತಿ ಬಗ್ಗಿತು, ಹಿಂಭಾಗ ಹಗುರಾಗಿ ಮೆಲ್ಲಗೆ ಎಡಕ್ಕೆ ಹೊರಳಿತು. ತಿರುವಿಗೆ ಬರುವ ಮೊದಲೇ ಕಾರು ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ನಿಂತಿತ್ತು. ಆಮೇಲೆ ಡ್ರೈವರು ಮಾಡಿದ್ದು ಆಕ್ಸಿಲರೇಟರ್ ತುಳಿದದ್ದು ಅಷ್ಟೇ.

ಅಲ್ಲಿಯವರೆಗೆ ವೇಗ ಅನ್ನುವುದು ಇಂಜಿನ್ನಿನ ಒಳಗೆ ಇರುವ ವಸ್ತು ಅಂದುಕೊಂಡವನು ನಾನು. ಒಂದಾದ ಮೇಲೆ ಒಂದು ಕಾರು ಅದೇ ಹತ್ತು ಮಾರು ಜಾಗದಲ್ಲಿ ಹಾದುಹೋಗುವುದನ್ನು ನೋಡುತ್ತ ಹೋದ ಹಾಗೆ, ಕಿವಿಗೇ ಗೊತ್ತಾಗತೊಡಗಿತು. ಬ್ರೇಕು ಎಲ್ಲಿ ಬಿತ್ತು ಅಂತ ಕೇಳಿದರೆ ಸಾಕು, ಗೂಟ ಉಳಿಯುತ್ತದೋ ಮುರಿಯುತ್ತದೋ ಹೇಳಬಲ್ಲವನಾದೆ. ಬ್ರೇಕು ಹಾಕಿದಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹಿಡಿತ ಆಗ ಮುಂದಕ್ಕೆ ಸಿಗುತ್ತದೆ, ಹಿಂಭಾಗ ಸಡಿಲಾಗುತ್ತದೆ. ಆ ಸಡಿಲನ್ನು ಉಪಯೋಗಿಸಿಕೊಂಡವನಿಗೆ ತಿರುವು ಸುಲಭ. ಹೆದರಿ ಮತ್ತಷ್ಟು ಬ್ರೇಕು ತುಳಿದರೆ ಚಕ್ರ ಕಟ್ಟಿಕೊಂಡು, ಸ್ಟೀರಿಂಗ್ ಬರೀ ಅಲಂಕಾರಕ್ಕೆ ಉಳಿಯುತ್ತದೆ.

ಹನ್ನೊಂದರ ಸುಮಾರಿಗೆ ಹೆಂಗಸರ ವಿಭಾಗ. ಹತ್ತಿರದ ಎಸ್ಟೇಟಿನ ಹುಡುಗಿಯೊಬ್ಬಳು ಅಪ್ಪನ ಜಿಪ್ಸಿ ತಂದಿದ್ದಳು. ತೋಟದಲ್ಲಿ ಗೊಬ್ಬರ, ಆಳುಕಾಳು ಸಾಗಿಸುವ ಗಾಡಿ. ಹಿಂದಿನ ಚಕ್ರಕ್ಕೆ ಮಾತ್ರ ಎಳೆತ ಇಟ್ಟುಕೊಂಡು ಬಂದಳು. ಬಲಕ್ಕೆ ಹೊರಳಬೇಕಾದ ಕಡೆ ಮೊದಲು ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ ತಟ್ಟಿದಳು, ಮರುಕ್ಷಣ ಬಲಕ್ಕೆ. ಲೋಲಕದ ಹಾಗೆ ಆ ತೂಕದ ಗಾಡಿ ಎಡಕ್ಕೊಮ್ಮೆ ವಾಲಿ ಬಲಕ್ಕೆ ಬೀಸಿಕೊಂಡು, ಹಿಂದಿನ ಚಕ್ರಗಳಿಂದ ಮಣ್ಣು ಚಿಮ್ಮಿಸುತ್ತ, ಗೂಟಕ್ಕೆ ಒಂದು ಮೊಳ ಬಿಟ್ಟು ಹೊರಟುಹೋಯಿತು. ನನ್ನ ಶರಟಿನ ತುಂಬ ಮಣ್ಣು.

‘ಅದು ಉತ್ತರ ಯುರೋಪಿನ ರ‍್ಯಾಲಿಯವರ ವಿದ್ಯೆ ಕಣೋ,’ ಅಂದರು ಮೇಸ್ತ್ರಿ, ಊಟದ ಹೊತ್ತಿನಲ್ಲಿ. ‘ಹಿಮದ ಮೇಲೆ ಹಿಡಿತ ಸಿಗಲ್ಲ ನೋಡು, ಅದಕ್ಕೆ ಗಾಡಿಯ ಭಾರವನ್ನೇ ಬೀಸಿ ತಿರುಗಿಸ್ತಾರೆ. ಇವಳು ತೋಟದ ಕೆಸರಲ್ಲಿ ತಾನೇ ಕಲಿತಿದಾಳೆ.’ ಮೇಸ್ತ್ರಿಗೆ ರ‍್ಯಾಲಿಯ ಕಥೆ ಅಂದರೆ ಪ್ರಾಣ. ಕಡುಬು, ಕೋಳಿ ಸಾರು ಎಲೆಯ ಮೇಲೆ ಆರುತ್ತಿದ್ದರೂ ಅವರು ಶೇಖರ್ ಮೆಹ್ತಾ ಬಗ್ಗೆ ಹೇಳುತ್ತಿದ್ದರು. ಭಾರತದ ಮೂಲದ ಆ ಮನುಷ್ಯ ಉಗಾಂಡಾದಲ್ಲಿ ಹುಟ್ಟಿ, ಕೀನ್ಯಾಕ್ಕೆ ಬಂದು ಸಫಾರಿ ರ‍್ಯಾಲಿಯನ್ನು ಐದು ಸಲ ಗೆದ್ದದ್ದು, 1973ರಲ್ಲಿ ಒಮ್ಮೆ, ಆಮೇಲೆ 1979ರಿಂದ 1982ರವರೆಗೆ ಸಾಲಾಗಿ ನಾಲ್ಕು ಸಲ. ‘ಅಲ್ಲೂ ಇದೇ ಮಣ್ಣು, ಇದೇ ಧೂಳು,’ ಅನ್ನುವಾಗ ಅವರ ಮುಖ ನೋಡಬೇಕಿತ್ತು.

ಮಧ್ಯಾಹ್ನದ ಮೇಲೆ ನನಗೆ ಕಂಡದ್ದನ್ನು ಮಾತ್ರ ನಾನು ಬಿಡಿಸಿ ಹೇಳಬೇಕು.

ಬತ್ತದ ಗದ್ದೆಯನ್ನು ವರ್ಷ ವರ್ಷ ಕೆಸರು ಮಾಡಿ ಉತ್ತು ಉತ್ತು, ಮೇಲಿನ ಮೆದು ಮಣ್ಣಿನ ಅಡಿಯಲ್ಲಿ ಒಂದು ಗಟ್ಟಿ ಪದರ ಕೂತಿರುತ್ತದೆ. ನಾಟಿಯ ಕಾಲದಲ್ಲಿ ನೀರು ಬೇಗ ಇಂಗದ ಹಾಗೆ ತಡೆಯುವುದು ಅದೇ. ಬಿಸಿಲೇರಿದ ಹಾಗೆ ಮೇಲಿನ ಮಣ್ಣು ಒಣಗಿ, ಚಕ್ರಕ್ಕೆ ಸಿಕ್ಕಿ ನುಣ್ಣನೆ ಹಿಟ್ಟಾಯಿತು. ಎಲ್ಲರೂ ಓಡಿದ ಒಳಗಿನ ದಾರಿಯಲ್ಲಿ ಕೊರಕಲು ಬಿದ್ದು, ಅದರಲ್ಲಿ ಧೂಳು ತುಂಬಿಕೊಂಡಿತು. ಆದರೆ ಅಲ್ಲಿಂದ ಒಂದೂವರೆ ಮಾರು ಹೊರಗೆ, ಜಾರಿಕೊಂಡು ಹೋದ ಕಾರುಗಳು ಮೇಲ್ಮಣ್ಣನ್ನು ಕೆರೆದು ಎಸೆದ ಕಡೆ, ಒಂದು ಪಟ್ಟಿ ಹೊಳೆಯತೊಡಗಿತ್ತು. ಕಾರಿಲ್ಲದ ಹೊತ್ತಿನಲ್ಲಿ ಹೋಗಿ ಬೆರಳಿಂದ ಒತ್ತಿ ನೋಡಿದೆ. ಗಾರೆ ನೆಲದ ಹಾಗೆ ಗಟ್ಟಿ. ಕೆಳಗಿನ ಪದರ ಮೇಲೆ ಬಂದಿತ್ತು.

ಡ್ರೈವರುಗಳಿಗೆ ಅದು ಗೊತ್ತಿರಲಿಲ್ಲ. ಒಳಗಿನ ದಾರಿ ಹತ್ತಿರದ್ದು ಅಂತ ಅದಕ್ಕೇ ನುಗ್ಗುತ್ತಿದ್ದರು, ಧೂಳಿನಲ್ಲಿ ಚಕ್ರ ಸುಮ್ಮನೆ ಸುತ್ತುತ್ತಿತ್ತು. ನಿಯಮದ ಪ್ರಕಾರ ಬಾವುಟ ಹಿಡಿದವನು ಓಡಿಸುವವರಿಗೆ ಹೇಳುವ ಹಾಗಿಲ್ಲ, ಹೇಳಲೂ ಇಲ್ಲ. ಯಾರು ಕಂಡುಹಿಡಿಯುತ್ತಾರೆ ಅಂತ ನೋಡುತ್ತ ನಿಂತೆ. ಆ ಹೊತ್ತಿಗೆ ಬಿಸಿಲು, ಬಾಯಾರಿಕೆ, ಕಾಲುನೋವು ಯಾವುದೂ ನೆನಪಿಗೆ ಬರಲಿಲ್ಲ. ಒಂದು ಕಾರು ಮುಗಿದರೆ ಮುಂದಿನದು ಯಾವಾಗ ಬರುತ್ತದೋ ಅನ್ನುವಷ್ಟು ತವಕ. ಕೊನೆಗೆ ಓಪನ್ ವಿಭಾಗಕ್ಕೂ ಹೆಸರು ಕೊಟ್ಟಿದ್ದ ಆ ಜಿಪ್ಸಿಯ ಹುಡುಗಿಯೇ ಬಂದಳು. ಈ ಸಲ ಅವಳು ಅಗಲಕ್ಕೆ ಹೋಗಿ, ಹೊಳೆಯುವ ಪಟ್ಟಿಯ ಮೇಲೆ ಹಿಂದಿನ ಚಕ್ರ ಊರಿ, ಒಂದಿಷ್ಟೂ ಸುತ್ತಿಸದೆ ಹೊರಟಳು. ‘ಕಂಡಳು!’ ಅಂತ ನಾನು ಒಬ್ಬನೇ ಕೂಗಿದೆ. ಮೈಕಿನಲ್ಲಿ ಸಮಯ ಹೇಳಿದರು. ಬೆಳಗಿನ ತನ್ನ ಸಮಯಕ್ಕಿಂತ ನಾಲ್ಕು ಸೆಕೆಂಡು ಕಡಿಮೆ, ಅದೂ ಹಾಳಾದ ಟ್ರ್ಯಾಕಿನ ಮೇಲೆ.

ಸಂಜೆ ಬಹುಮಾನ ಹಂಚುವ ಮುಂಚೆ, ದುಡಿದ ಹುಡುಗರಿಗೆ ಒಂದೊಂದು ಓಟ ಕೊಡುವುದು ನಮ್ಮ ಕ್ಲಬ್ಬಿನ ರೂಢಿ. ಲೆಕ್ಕಕ್ಕೆ ಸೇರುವುದಿಲ್ಲ, ಸಮಯ ಮಾತ್ರ ಹೇಳುತ್ತಾರೆ. ಆಂಬುಲೆನ್ಸ್ ಇನ್ನೂ ನಿಂತಿತ್ತು. ನಾನು ಬಂದಿದ್ದ ಅಪ್ಪನ 800ನ್ನೇ ಮೇಸ್ತ್ರಿ ತಪಾಸಣೆ ಮಾಡಿದರು, ಯಾರದೋ ಹೆಲ್ಮೆಟ್ ನನ್ನ ತಲೆಗೆ ಹಾಕಿ ಪಟ್ಟಿ ಬಿಗಿದರು, ಕಿಟಕಿಯೊಳಗೆ ಬಗ್ಗಿ ಹೇಳಿದರು: ‘ಮೂರನೇ ತಿರುವಲ್ಲಿ ಗೂಟ ನೋಡಬೇಡ. ಹಲಸಿನ ಮರ ನೋಡು. ಕಣ್ಣು ಎಲ್ಲಿಗೆ ಹೋಗುತ್ತೋ ಕೈ ಅಲ್ಲಿಗೇ ಹೋಗುತ್ತೆ.’

ಮೊದಲ ಎರಡು ತಿರುವು ನನಗೆ ಈಗ ಅಷ್ಟಾಗಿ ನೆನಪಿಲ್ಲ. ನೇರ ಓಟದಲ್ಲಿ ಮೂರನೇ ಗೇರು ಬಿತ್ತು. ಅಂಚಿಗೆ ಮುಂಚೆ, ಬೆಳಗಿನಿಂದ ಕಿವಿಯಲ್ಲಿ ಕೂತಿದ್ದ ಆ ಜಾಗದಲ್ಲೇ ಬ್ರೇಕು ತುಳಿದೆ. ಮೂತಿ ಬಗ್ಗಿದ್ದು ಅಂಗಾಲಿಗೆ ಗೊತ್ತಾಯಿತು, ಹಿಂಭಾಗ ಸಡಿಲಾದದ್ದು ಸೊಂಟಕ್ಕೆ ಗೊತ್ತಾಯಿತು. ಕಾಲು ಎತ್ತಿದೆ, ಮರ ನೋಡಿದೆ, ಅಗಲಕ್ಕೆ ಬಿಟ್ಟೆ. ಹೊಳೆಯುವ ಪಟ್ಟಿಗೆ ಚಕ್ರ ತಾಗಿದಾಗ ಅಲ್ಲಿಯವರೆಗೆ ತೇಲುತ್ತಿದ್ದ ಕಾರು ನೆಲವನ್ನು ಕಚ್ಚಿ ಹಿಡಿದು ನನ್ನನ್ನು ಮುಂದಕ್ಕೆ ಒಯ್ಯಿತು. ದಿನವೆಲ್ಲ ಕಣ್ಣಿಗೆ ಕಂಡದ್ದು ಮೈಗೆ ಬಂದ ಆ ಗಳಿಗೆಯ ಸುಖಕ್ಕೆ ಸಮನಾದದ್ದು ನನ್ನ ಬಾಳಿನಲ್ಲಿ ಹೆಚ್ಚಿಲ್ಲ.

1 ನಿಮಿಷ 34 ಸೆಕೆಂಡು ಅಂದರು ಮೈಕಿನಲ್ಲಿ. 800 ಸಿಸಿ ವಿಭಾಗ ಗೆದ್ದವರದು 1 ನಿಮಿಷ 27. ಆ ಏಳು ಸೆಕೆಂಡು ಎಲ್ಲೆಲ್ಲಿ ಇದೆ ಅಂತ ಮೇಸ್ತ್ರಿ ಕತ್ತಲಾಗುವವರೆಗೆ ಒಂದು ಕಡ್ಡಿ ಹಿಡಿದು ನೆಲದ ಮೇಲೆ ಗೀರಿ ಗೀರಿ ತೋರಿಸಿದರು. ಎರಡು ಸೆಕೆಂಡು ಐದನೇ ತಿರುವಿನ ಹ್ಯಾಂಡ್‌ಬ್ರೇಕಿನಲ್ಲಿ ಇತ್ತಂತೆ, ಒಂದು ಟೈರಿನ ಗಾಳಿಯಲ್ಲಿ, ಮಿಕ್ಕದ್ದು ಹಿಂದಿನ ಸೀಟಿನ ತೂಕದಲ್ಲಿ, ಶಾಕ್ ಅಬ್ಸಾರ್ಬರಿನಲ್ಲಿ, ಅಭ್ಯಾಸದಲ್ಲಿ.

ಸೋಮವಾರ ಬೆಳಗ್ಗೆ ಕಾರು ಗ್ಯಾರೇಜಿನಲ್ಲಿತ್ತು. ಲೈಸೆನ್ಸಿನ ಅರ್ಜಿಗೆ ಫೋಟೋ ತೆಗೆಸಿಕೊಂಡು ಬರುವಷ್ಟರಲ್ಲಿ ಅಪ್ಪ ಅಲ್ಲಿಗೇ ಬಂದು ನಿಂತಿದ್ದರು. ಬೈಗುಳ ಕಾದಿದ್ದೆ. ಅವರು ಬಾನೆಟ್ ಎತ್ತಿ ನೋಡಿದರು, ಸಂಪ್ ಗಾರ್ಡಿಗೆ ಎಷ್ಟಾಗುತ್ತದೆ ಅಂತ ಮೇಸ್ತ್ರಿಯನ್ನು ಕೇಳಿದರು, ಆಮೇಲೆ ನನ್ನ ಕಡೆ ತಿರುಗಿ, ‘ಹಿಂದಿನ ಸೀಟು ಬಿಚ್ಚೋದಾದರೆ ಬಿಚ್ಚು. ಸಂತೆ ದಿನ ಮಾತ್ರ ವಾಪಸ್ ಹಾಕಿರಬೇಕು, ಅಮ್ಮನಿಗೆ ಕೂರೋದಕ್ಕೆ,’ ಅಂದರು.