ತೊಟ್ಟಿಲ ಹೆಸರು

ಮಕ್ಕಳಿಗೆ ಶರಣರ ಹೆಸರಿಡುವುದು ನಮ್ಮ ಮನೆತನಗಳಲ್ಲಿ ಹಿಂದಿನಿಂದಲೂ ನಡೆದುಬಂದ ರೂಢಿ. ಓಣಿಯ ನಡುವೆ ನಿಂತು ಬಸವಣ್ಣೆಪ್ಪಾ, ಸಿದ್ಧರಾಮಾ, ಮಹಾದೇವೀ, ನಾಗವ್ವಾ ಎಂದು ಕೂಗಿದರೆ ಮನೆಗೊಬ್ಬರಂತೆ ‘ಓ’ ಎನ್ನುತ್ತಿದ್ದ ಕಾಲವೊಂದಿತ್ತು. ಲಿಂಗೈಕ್ಯರಾದ ಹಿರಿಯರ ಹೆಸರನ್ನು ಮನೆಯಲ್ಲಿ ಹುಟ್ಟಿದ ಕೂಸಿಗೆ ಇಡುವುದೂ ಅಷ್ಟೇ ಹಳೆಯ ರೂಢಿ. ಹಿರಿಯರನ್ನು ಮರೆಯಲಿಲ್ಲವೆಂಬ ಸಮಾಧಾನ ಅದರಲ್ಲಿದೆ. ಅಂಥ ಒಂದು ಹೆಸರಿಗಾಗಿಯೇ ನಾವು ದಂಪತಿಗಳು ಎರಡು ತಿಂಗಳು ಮನಸ್ಸು ಕೆಡಿಸಿಕೊಂಡೆವು. ಆ ಸಂಗತಿಯನ್ನು ಇಬ್ಬರೂ ಕೂಡಿಯೇ ಇಲ್ಲಿ ಬರೆದಿದ್ದೇವೆ. ಯಾರ ಮಾತು ಯಾರದೆಂದು ತಿಳಿಯಲೆಂದು ನಮ್ಮನ್ನು ‘ತಂದೆ’, ‘ತಾಯಿ’ ಎಂದೇ ಕರೆದುಕೊಂಡಿದ್ದೇವೆ.

ನಮ್ಮ ಮಗಳು ಹುಟ್ಟಿದ್ದು 2018ರ ಜೂನ್ ತಿಂಗಳಲ್ಲಿ. ಅದಕ್ಕೆ ಎರಡು ವರ್ಷ ಮೊದಲು ನಮ್ಮ ದೊಡ್ಡವ್ವನವರು ಲಿಂಗೈಕ್ಯರಾಗಿದ್ದರು. ಮಗುವಿನ ತಂದೆ ಮೂರು ವರ್ಷದವರಿದ್ದಾಗಲೇ ಅವರ ಹೆತ್ತ ತಾಯಿ ತೀರಿಕೊಂಡಿದ್ದರಿಂದ, ಮಕ್ಕಳಿಲ್ಲದ ಈ ದೊಡ್ಡವ್ವನೇ ಅವರನ್ನು ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದರು. ಕಾಲೇಜಿನ ಫೀ ಕಟ್ಟಲು ಕೈಯ ಪಾಟಲಿಗಳನ್ನು ಮಾರಿದರು. ಬರಿಗೈಯನ್ನು ಕಂಡು ಕೇಳಿದವರಿಗೆಲ್ಲ, ‘ರೊಟ್ಟಿ ಬಡಿಯುವಾಗ ಅಡ್ಡ ಬರತಿದ್ವು’ ಎಂದು ಹೇಳಿ ಮುಗಿಸಿದರು. ಊರಿಗೆಲ್ಲ ಅವರು ಗಂಗವ್ವ. ರೇಷನ್ ಕಾರ್ಡಿನಲ್ಲಿಯೂ ಮತದಾರರ ಪಟ್ಟಿಯಲ್ಲಿಯೂ ಗಂಗವ್ವ.

ಆದ್ದರಿಂದ ಹೆಣ್ಣುಮಗು ಎಂದು ತಿಳಿದ ಕ್ಷಣವೇ ತಂದೆ, ‘ಗಂಗಾಂಬಿಕೆ’ ಎಂದರು. ತಾಯಿ ಒಪ್ಪಲಿಲ್ಲ.

ಹಳೆಯ ಹೆಸರೆಂಬ ಕಾರಣಕ್ಕೆ ಈಕೆ ಬೇಡವೆನ್ನುತ್ತಾಳೆಂದು ಎರಡೂ ಮನೆಯವರು ಮೊದಲು ತಿಳಿದರು. ಹಿರಿಯರ ಹೆಸರನ್ನು ಮಗುವಿಗಿಟ್ಟರೆ ಸೊಸೆಗೆ ಅದನ್ನು ಕೂಗಿ ಕರೆಯಲು, ಗದರಲು ಸಂಕೋಚ. ಅದಕ್ಕಾಗಿಯೇ ಎಷ್ಟೋ ಮನೆಗಳಲ್ಲಿ ಇಂಥ ಮಕ್ಕಳನ್ನು ‘ಅಪ್ಪಾ’, ‘ಅವ್ವಾ’ ಎಂದೇ ಕರೆಯುತ್ತಾರೆ. ಆ ಸಂಕೋಚವಿರಬಹುದೆಂದು ಇನ್ನು ಕೆಲವರು ಊಹಿಸಿದರು. ಕಾರಣ ಇವೆರಡೂ ಆಗಿರಲಿಲ್ಲ.

ದೊಡ್ಡವ್ವ ಹಾಸಿಗೆ ಹಿಡಿದಿದ್ದ ಆರು ತಿಂಗಳು ಅವರ ಸೇವೆ ಮಾಡಿದವರು ತಾಯಿ. ಒಂದು ಮಧ್ಯಾಹ್ನ ತಲೆ ಬಾಚುತ್ತಿದ್ದಾಗ ದೊಡ್ಡವ್ವ ತಾವಾಗಿಯೇ, ‘ಗಂಗವ್ವ ನನ್ನ ಹೆಸರಲ್ಲ ತಂಗಿ. ತೊಟ್ಟಿಲದಾಗ ನನಗ ನೀಲವ್ವ ಅಂತ ಹೆಸರಿಟ್ಟಿದ್ರು. ಇಲ್ಲಿ ನಮ್ಮತ್ತಿ ಹೆಸರೂ ನೀಲವ್ವನ. ಅತ್ತಿ ಹೆಸರು ಹಿಡಿದು ಸೊಸಿನ್ನ ಕರೆಯೂದು ಹೆಂಗ? ಅಕ್ಕಿಕಾಳಿನ ದಿನನ ಗಂಗವ್ವ ಅಂದ್ರು. ಯಾರೂ ನನ್ನ ಕೇಳಲಿಲ್ಲ’ ಎಂದಿದ್ದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಅರವತ್ತು ವರ್ಷಗಳ ಮೇಲೂ ಆ ಮಾತಿನಲ್ಲಿ ಸಣ್ಣದೊಂದು ನೋವು ಉಳಿದಿತ್ತು.

ಇದನ್ನು ಕೇಳಿದಾಗ ತಂದೆ ಸುಮ್ಮನಾದರೇ ಹೊರತು ಒಪ್ಪಲಿಲ್ಲ. ಅವರ ವಾದದಲ್ಲಿಯೂ ಹುರುಳಿತ್ತು. ‘ನನಗ ಉಣ್ಣಿಸಿ ಬೆಳೆಸಿದಾಕಿ ಗಂಗವ್ವ. ಪಾಟಲಿ ಮಾರಿದಾಕಿ ಗಂಗವ್ವ. ನೀಲವ್ವ ಅನ್ನಾಕಿನ್ನ ನಾನು ನೋಡೇ ಇಲ್ಲ. ನೀಲಾ ಅಂತ ಇಟ್ರ ಮಂದಿ ನಮ್ಮಜ್ಜಿ ಹೆಸರು ಇಟ್ಟಾರ ಅಂತಾರ. ಆಗ ದೊಡ್ಡವ್ವನ ಗುರುತು ಎಲ್ಲಿ ಉಳೀತು?’ ಎಂದರು.

‘ನೀವು ಅವರನ್ನ ಒಮ್ಮೆಯಾದರೂ ಗಂಗವ್ವ ಅಂತ ಕರದೀರೇನು?’ ಎಂದು ತಾಯಿ ಕೇಳಿದರು. ಅದಕ್ಕೆ ಉತ್ತರವಿರಲಿಲ್ಲ. ಆದರೆ ಉತ್ತರವಿಲ್ಲದವರ ಸಿಟ್ಟು ಹೆಚ್ಚು. ಹದಿಮೂರನೆಯ ದಿನ ಕಳೆಯಿತು. ಲಿಂಗಧಾರಣೆಯಾಗಿದ್ದ ಮಗುವಿಗೆ ಹೆಸರು ಮಾತ್ರ ಇರಲಿಲ್ಲ. ತೊಟ್ಟಿಲ ಕಾರ್ಯವನ್ನು ಮುಂದಕ್ಕೆ ಹಾಕಿದೆವು. ಬಾಣಂತಿ ತವರಿನಲ್ಲಿ, ತಂದೆ ತಮ್ಮ ಮನೆಯಲ್ಲಿ. ಫೋನಿನಲ್ಲಿ ಮಗುವಿನ ಆರೋಗ್ಯದ ಹೊರತು ಬೇರೆ ಮಾತಿರಲಿಲ್ಲ.

ನಮ್ಮಂತೆ ಗೊಂದಲಕ್ಕೆ ಬಿದ್ದ ಮನೆಗಳಿಗೆ ಉಪಯೋಗವಾಗಲೆಂದು ಒಂದು ಮಾತನ್ನು ಇಲ್ಲಿ ಹೇಳುವುದು ಲೇಸು. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ನಿಜ. ಆದರೆ ಹೆಸರು ನಿಶ್ಚಯವಾಗದಿದ್ದರೆ ಅವಸರಪಡಬೇಕಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷಗಳವರೆಗೆ ಶುಲ್ಕ ಕೊಟ್ಟು ಹೆಸರನ್ನು ಸೇರಿಸಲು ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶವೇ ಮೊದಲಾದವುಗಳಿಗೆಲ್ಲ ಜನನ ಪ್ರಮಾಣಪತ್ರವೇ ಆಧಾರವಾಗಿರುವುದರಿಂದ, ಹೆಸರನ್ನು ಸಾವಧಾನವಾಗಿ ಯೋಚಿಸಿ, ಅಕ್ಷರದೋಷವಿಲ್ಲದಂತೆ ಬರೆಸುವುದು ಒಳ್ಳೆಯದು. ಸರಕಾರ ಒಂದು ವರ್ಷ ಕಾಯಲು ಸಿದ್ಧವಿತ್ತು. ನಾವು ಒಬ್ಬರಿಗೊಬ್ಬರು ಒಂದು ವಾರ ಕಾಯಲಿಲ್ಲವೆಂಬುದು ಈಗ ನಾಚಿಕೆ ತರುತ್ತದೆ.

ಶರಣಧರ್ಮದ ದೃಷ್ಟಿಯಿಂದ ನೋಡಿದರೆ ಎರಡು ಹೆಸರುಗಳಲ್ಲಿ ಹೆಚ್ಚು ಕಡಿಮೆಯಿಲ್ಲ. ಗಂಗಾಂಬಿಕೆ, ನೀಲಾಂಬಿಕೆ ಇಬ್ಬರೂ ಬಸವಣ್ಣನವರ ಧರ್ಮಪತ್ನಿಯರು. ಇಬ್ಬರೂ ವಚನಗಳನ್ನು ರಚಿಸಿದವರು. ಮಲಪ್ರಭೆಯ ತೀರದ ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರ ಐಕ್ಯಸ್ಥಳವಿದ್ದರೆ, ಕೃಷ್ಣೆಯ ತೀರದ ತಂಗಡಗಿಯಲ್ಲಿ ನೀಲಾಂಬಿಕೆಯವರದಿದೆ. ಹೆಸರು ಬದಲಾಗುವುದೂ ಶರಣರಿಗೆ ಹೊಸದಲ್ಲ. ಕಾಶ್ಮೀರದ ಅರಸನೊಬ್ಬನು ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆ ಹೊರೆ ಮಾರುವ ಕಾಯಕ ಹಿಡಿದು ಮೋಳಿಗೆಯ ಮಾರಯ್ಯನಾದನೆಂದು ನಮ್ಮ ಪರಂಪರೆ ಹೇಳುತ್ತದೆ. ಆತನು ಹಳೆಯ ಹೆಸರನ್ನು ತಾನಾಗಿಯೇ ಬಿಟ್ಟನು. ದೊಡ್ಡವ್ವನ ಹೆಸರನ್ನು ಮಾತ್ರ ಬೇರೆಯವರು ತೆಗೆದರು. ಬಿಟ್ಟುಕೊಡುವುದಕ್ಕೂ ಕಳೆದುಕೊಳ್ಳುವುದಕ್ಕೂ ಇರುವ ಅಂತರ ನಮಗೆ ತಿಳಿಯಬೇಕಾಗಿತ್ತು.

ತಿಳಿದದ್ದು ನಾಗರಪಂಚಮಿಯ ದಿನ. ಪ್ರತಿವರ್ಷ ಪಂಚಮಿಗೆ ದೊಡ್ಡವ್ವ ತವರಿಗೆ ಹೋಗುತ್ತಿದ್ದರು. ಕೊನೆಯ ವರ್ಷಗಳಲ್ಲಿ ಹೋಗಲಾಗದೆ ಉಂಡಿಗಳನ್ನಷ್ಟೇ ಕಳಿಸುತ್ತಿದ್ದರು. ಆ ಪದ್ಧತಿ ತಪ್ಪಬಾರದೆಂದು ತಾಯಿ ನೆನಪು ಮಾಡಿದ್ದರಿಂದ ತಂದೆ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಸಿಕೊಂಡು ಆ ಹಳ್ಳಿಗೆ ಹೋದರು. ದೊಡ್ಡವ್ವನ ತಮ್ಮ ಕಟ್ಟೆಯ ಮೇಲೆ ಕುಳಿತಿದ್ದರು. ಅವರಿಗೂ ಎಂಬತ್ತರ ಹತ್ತಿರ ವಯಸ್ಸು. ಉಂಡಿಯ ಗಂಟನ್ನು ಕೈಗೆ ತೆಗೆದುಕೊಂಡು ಕಣ್ಣಿಗೊತ್ತಿ, ‘ನೀಲಕ್ಕ ಕಳಿಸ್ಯಾಳ’ ಎಂದು ಒಳಗಿದ್ದ ಸೊಸೆಯನ್ನು ಕೂಗಿದರು. ಅಕ್ಕ ಇಲ್ಲವೆಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಬಾಯಿಗೆ ಬಂದ ರೂಢಿ ಅದು.

ಆಮೇಲೆ ಅವರೇ ಹಿತ್ತಲಿನ ಬೇವಿನ ಮರವನ್ನು ತೋರಿಸಿದರು. ಪಂಚಮಿಗೆ ಬಂದ ಅಕ್ಕನಿಗಾಗಿ ಆ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದರಂತೆ. ಮನೆಯವರೂ ಗೆಳತಿಯರೂ ನೀಲೀ, ನೀಲಾ, ನೀಲಕ್ಕಾ ಎಂದು ಕೂಗುತ್ತಿದ್ದರಂತೆ. ನಾಲ್ಕು ದಿನ ಮುಗಿದು ಬಂಡಿ ಹತ್ತುವಾಗ ಅಕ್ಕ, ‘ಇನ್ನ ಬರೂ ಪಂಚಮಿತನಕ ನಾ ಗಂಗವ್ವ’ ಎಂದು ನಗುತ್ತಿದ್ದರಂತೆ. ‘ನಗತಿದ್ಲು ಖರೆ, ಅವ್ವ ಮಾತ್ರ ಒಳಗ ಹೋಗಿ ಅಳತಿದ್ಲು’ ಎಂದರು ಆ ಹಿರಿಯರು. ‘ಈಗ ಆಕಿನ್ನ ನೀಲಾ ಅನ್ನಾವ ನಾನೊಬ್ಬನ ಉಳದೀನಿ.’

ತಂದೆ ಅಂದು ರಾತ್ರಿ ಹಳ್ಳಿಯಿಂದ ನೆಟ್ಟಗೆ ಬಾಣಂತಿಯ ಮನೆಗೇ ಬಂದರು. ತೂಗುತ್ತಿದ್ದ ಜೋಳಿಗೆಯ ಬಳಿ ಕುಳಿತು, ‘ನೀಲಾಂಬಿಕೆ ಅಂತನ ಇಡೂಣು’ ಎಂದಷ್ಟೇ ಹೇಳಿದರು. ಗೆದ್ದೆನೆಂಬ ಭಾವನೆ ತಾಯಿಗೆ ಬರಲಿಲ್ಲ. ತಾವು ಆರು ತಿಂಗಳು ಸೇವೆ ಮಾಡಿ ತಿಳಿದಿದ್ದನ್ನು ದೊಡ್ಡವ್ವನ ಮಗನಂತಿದ್ದವರಿಗೆ ಹೇಳದೆ ಎರಡು ವರ್ಷ ತಮ್ಮಲ್ಲಿಯೇ ಇಟ್ಟುಕೊಂಡದ್ದು ತಪ್ಪೆಂದು ಅನಿಸಿತು. ಮೊದಲೇ ಹೇಳಿದ್ದರೆ ಅದು ಜಗಳದ ಮಾತಾಗಿ ಹೊರಬರುತ್ತಿರಲಿಲ್ಲ.

ಶ್ರಾವಣ ಮುಗಿಯುವುದರೊಳಗೆ ತೊಟ್ಟಿಲಾಯಿತು. ಹೆಂಗಳೆಯರು ಜೋಗುಳ ಹಾಡಿದರು, ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದರು, ಗುಗ್ಗರಿ ಹಂಚಿದರು. ತಂದೆ ಅಂಜಿದ್ದಂತೆಯೇ ಆಯಿತು. ‘ಮುತ್ತಜ್ಜಿ ಹೆಸರು ಇಟ್ರಿ, ಚಲೋ ಆತು’ ಎಂದು ಬಂದವರೆಲ್ಲ ಹರಸಿದರು. ಅತ್ತೆಯ ಹೆಸರಿನ ಕೆಳಗೆ ಸೊಸೆಯ ಹೆಸರು ಎರಡನೆಯ ಸಲ ಮುಚ್ಚಿಹೋಗುವುದರಲ್ಲಿತ್ತು. ಆಗ ತಂದೆ ಎದ್ದು ನಿಂತು, ಇದು ಯಾವ ನೀಲವ್ವನ ಹೆಸರೆಂಬುದನ್ನು ಎಲ್ಲರೆದುರು ಹೇಳಿದರು. ಸಭೆಯಲ್ಲಿ ಮಾತನಾಡಿ ರೂಢಿಯಿಲ್ಲದ ಅವರ ಕಂಠ ನಡುವೆ ಎರಡು ಸಲ ಕಟ್ಟಿತು. ಕೇಳುತ್ತ ಕುಳಿತಿದ್ದ ಮುದುಕಿಯರಲ್ಲಿ ಒಬ್ಬರು, ‘ನನಗೂ ತೊಟ್ಟಿಲದಾಗ ಬ್ಯಾರೆ ಹೆಸರಿತ್ತು’ ಎಂದರು. ಅವರ ಬದಿಗೆ ಕುಳಿತವರು, ‘ನನಗೂ’ ಎಂದರು. ಅವರ ಮಕ್ಕಳು, ಮೊಮ್ಮಕ್ಕಳು ಆ ಹೆಸರುಗಳನ್ನು ಕೇಳಿದ್ದು ಅದೇ ಮೊದಲು.

ಹಿರಿಯರ ಹೆಸರನ್ನು ಇಟ್ಟ ಮಾತ್ರಕ್ಕೆ ಅವರನ್ನು ಗೌರವಿಸಿದಂತಾಗದು. ಆ ಹೆಸರಿನ ಹಿಂದಿನ ಬಾಳನ್ನೂ ತಿಳಿದಿರಬೇಕು ಎಂಬುದು ಈ ಪ್ರಸಂಗದಿಂದ ನಾವು ಕಲಿತ ಪಾಠ. ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಯ ಹಿರಿಯ ತಾಯಂದಿರನ್ನು, ಅವರು ಇರುವಾಗಲೇ, ‘ತೊಟ್ಟಿಲಲ್ಲಿ ನಿಮಗೆ ಏನೆಂದು ಹೆಸರಿಟ್ಟಿದ್ದರು?’ ಎಂದು ಕೇಳಿರಿ. ಕೇಳಿದ್ದನ್ನು ಬರೆದಿಡಿರಿ.

ಮಗಳ ಹೆಸರು ಈಗ ಎಲ್ಲ ಕಾಗದಪತ್ರಗಳಲ್ಲಿಯೂ ನೀಲಾಂಬಿಕೆ. ತಾಯಿ ನೀಲಾ ಎಂದು ಬಾಯಿತುಂಬ ಕರೆಯುತ್ತಾರೆ, ತಪ್ಪು ಮಾಡಿದಾಗ ಗದರುತ್ತಾರೆ. ತಂದೆಗೆ ಮಾತ್ರ ಇಂದಿಗೂ ಆ ಹೆಸರು ನಾಲಿಗೆಗೆ ಹೊಂದಿಲ್ಲ. ಸಂಜೆ ಮನೆಗೆ ಬಂದೊಡನೆ ಬಾಗಿಲಲ್ಲಿಯೇ ನಿಂತು, ತಾವು ಹುಟ್ಟಿದಾಗಿನಿಂದ ಕರೆದು ರೂಢಿಯಾದ ಹೆಸರಿನಿಂದಲೇ, ‘ದೊಡ್ಡವ್ವಾ’ ಎಂದು ಕೂಗುತ್ತಾರೆ. ಒಳಗಿನಿಂದ ‘ಓ’ ಎಂಬ ಉತ್ತರ ಬರುತ್ತದೆ.