ಹನ್ನೆರಡನೇ ದಿನ

ನಮ್ಮ ರೂಮಿನಲ್ಲಿ ನಾಲ್ಕು ಮಂಚ. ಕಿಟಕಿ ಪಕ್ಕದ ಮಂಚದವನ ಬಗ್ಗೆ ಈ ಬರಹ. ಅವನ ಹೆಸರು ಬರೆಯಲ್ಲ. ಬರೆಯೋಕೆ ಮುಂಚೆ ಅವನನ್ನ ಕೇಳಿದ್ವಿ. ‘ಬರೀರಿ, ಆದರೆ ನೀವು ಮಾಡಿದ್ದನ್ನೂ ಬರೀರಿ’ ಅಂದ. ಅದಕ್ಕೇ ಉಳಿದ ಮೂರು ಮಂಚಗಳ ಪರವಾಗಿ ‘ನಾವು’ ಅಂತ ಬರೀತಿದ್ದೀವಿ. ನಾವು ಕನ್ನಡ ಓದಿದ್ದು ಹತ್ತನೇ ಕ್ಲಾಸಿನವರೆಗೆ, ಅದೂ ಸೆಕೆಂಡ್ ಲ್ಯಾಂಗ್ವೇಜ್ ಆಗಿ. ಒತ್ತಕ್ಷರ ತಪ್ಪಿದ್ದರೆ ಎಡಿಟರ್ ತಿದ್ದಿರುತ್ತಾರೆ ಅನ್ನೋ ಧೈರ್ಯ ಇದೆ.

ಮೂರನೇ ಸೆಮ್ ಶುರುವಾದ ಮೇಲೆ ಅವನು ಮೆಸ್ಸಿಗೆ ಬರೋದು ಕಡಿಮೆಯಾಯ್ತು. ಸಂಜೆ ಕ್ರಿಕೆಟ್ಟಿಗೆ ಕರೆದರೆ ‘ನೀವು ಹೋಗಿ’ ಅನ್ನೋನು. ಬೆಳಗಿನ ಜಾವ ಮೂರು ಗಂಟೆಗೆ ನೋಡಿದರೆ ಗೋಡೆಗೆ ಒರಗಿ ಕೂತಿರೋನು, ಫೋನೂ ಇಲ್ಲ, ಪುಸ್ತಕವೂ ಇಲ್ಲ. ನಮಗೆ ಹೊಳೆದದ್ದು ಒಂದೇ, ಯಾವುದೋ ಹುಡುಗಿ. ಎಲ್ಲರೂ ಹೇಳೋದನ್ನೇ ನಾವೂ ಹೇಳಿದ್ವಿ: ‘ಜಿಮ್ಮಿಗೆ ಬಾ’, ‘ಬೇಜಾರ್ ಮಾಡ್ಕೋಬೇಡ’. ಈ ಬೇಜಾರು ಅನ್ನೋ ಪದ ಇದೆಯಲ್ಲ, ಅದೊಂದು ದೊಡ್ಡ ಗೋಣಿಚೀಲ. ಭಾನುವಾರ ಮಾಡೋಕೆ ಕೆಲಸ ಇಲ್ಲದಿದ್ದರೂ ಬೇಜಾರು, ಅಜ್ಜಿ ಸತ್ತರೂ ಬೇಜಾರು. ಅವನು ‘ಬೇಜಾರು ಕಣ್ರೋ’ ಅಂದಾಗ ಯಾವ ಬೇಜಾರು ಅಂತ ನಾವು ಕೇಳಲಿಲ್ಲ. ‘ಖಿನ್ನತೆ’ ಅನ್ನೋ ಪದ ನಮ್ಮ ಹಾಸ್ಟೆಲಿನಲ್ಲಿ ಯಾರ ಬಾಯಲ್ಲೂ ಬರಲ್ಲ. ‘ಡಿಪ್ರೆಶನ್’ ಮಾತ್ರ ದಿನಕ್ಕೆ ಹತ್ತು ಸಲ ಬರತ್ತೆ, ಇಂಟರ್ನಲ್ಸ್ ಮಾರ್ಕ್ಸ್ ಬಂದಾಗ.

ಮೊದಲ ಇಂಟರ್ನಲ್ಸ್ ದಿನ ಅವನಿಗೆ ಎದೆ ಬಿಗಿಯಾಗಿ, ಕೈ ನಡುಗಿ, ಉಸಿರು ಸಿಗಲಿಲ್ಲ. ಹಾರ್ಟ್ ಅಟ್ಯಾಕ್ ಅಂದ್ಕೊಂಡು ಆಟೋದಲ್ಲಿ ಹಾಕ್ಕೊಂಡು ಓಡಿದ್ವಿ. ಇಸಿಜಿ ಸರಿಯಾಗೇ ಇತ್ತು. ಅಲ್ಲಿಂದ ಮನೋವೈದ್ಯರ ಹತ್ತಿರ ಕಳಿಸಿದರು. ಖಿನ್ನತೆ, ಜೊತೆಗೆ ಆತಂಕ. ಇವೆರಡೂ ಬಹಳ ಸಲ ಜೋಡಿಯಾಗೇ ಬರುತ್ತವಂತೆ. ಎಸ್ಸಿಟಾಲೋಪ್ರಾಂ ಅನ್ನೋ ಮಾತ್ರೆ ಕೊಟ್ಟು, ಮೂರು ವಾರ ಬಿಟ್ಟು ಬಾ ಅಂದರು.

ನಿಜ ಹೇಳಬೇಕಂದ್ರೆ ನಮಗೆ ಖುಷಿಯೇ ಆಯ್ತು. ಪ್ರಾಬ್ಲಂ ಗೊತ್ತಾಯ್ತು, ಸೊಲ್ಯೂಷನ್ ಸಿಕ್ತು. ಮೆದುಳಲ್ಲಿ ಸೆರೊಟೋನಿನ್ ಕಮ್ಮಿಯಾಗಿದೆ, ಮಾತ್ರೆ ಅದನ್ನ ತುಂಬಿಸತ್ತೆ ಅಂತ ಯಾವುದೋ ವೀಡಿಯೋದಲ್ಲಿ ನೋಡಿದ್ವಿ. ಬೈಕಿಗೆ ಆಯಿಲ್ ಹಾಕಿದ ಹಾಗೆ.

ಆಯಿಲ್ ಹಾಕಿ ಒಂದು ವಾರ ಆಯ್ತು. ಅವನಿಗೆ ಹೊಟ್ಟೆ ತೊಳೆಸೋದು ಶುರುವಾಯ್ತು, ಚಡಪಡಿಕೆ ಇನ್ನೂ ಜಾಸ್ತಿಯಾಯ್ತು. ಹನ್ನೆರಡನೇ ದಿನ ರಾತ್ರಿ ನಾವು ಮೂರೂ ಜನ ಕೂತು ರಿವ್ಯೂ ಮೀಟಿಂಗ್ ಮಾಡಿದ್ವಿ. ‘ಡೋಲೋ ತಗೊಂಡ್ರೆ ಒಂದು ಗಂಟೇಲಿ ಜ್ವರ ಇಳಿಯತ್ತೆ. ಇದೇನೋ ಹನ್ನೆರಡು ದಿನ ಆದ್ರೂ? ಬಿಟ್ಬಿಡು ಮಗಾ, ಅಡಿಕ್ಟ್ ಆಗ್ಬಿಡ್ತೀಯ.’ ನಮ್ಮಲ್ಲೊಬ್ಬನ ಹತ್ತಿರ 2022ರ ಒಂದು ಸುದ್ದಿಯ ಸ್ಕ್ರೀನ್‌ಶಾಟ್ ಬೇರೆ ಇತ್ತು, ಖಿನ್ನತೆಗೆ ಸೆರೊಟೋನಿನ್ ಕೊರತೆ ಕಾರಣ ಅಲ್ಲ ಅಂತ. ಅದನ್ನೂ ತೋರಿಸಿದ್ವಿ. ಅವನು ವಾದ ಮಾಡಲಿಲ್ಲ. ಸ್ಟ್ರಿಪ್ಪನ್ನ ಡ್ರಾಯರಿಗೆ ಹಾಕಿ ಮಲಗಿದ.

ಆಮೇಲಿನದನ್ನ ಬೇಗ ಹೇಳ್ತೀವಿ. ಎರಡನೇ ಇಂಟರ್ನಲ್ಸ್ ಬರೆಯಲಿಲ್ಲ. ಸ್ನಾನ ಬಿಟ್ಟ. ಒಂದು ರಾತ್ರಿ ಲೈಟ್ ಆರಿಸಿದ ಮೇಲೆ, ‘ನಾನಿಲ್ದಿದ್ರೆ ಯಾರಿಗೂ ಏನೂ ವ್ಯತ್ಯಾಸ ಆಗಲ್ಲ ಅಲ್ವಾ’ ಅಂದ. ಲೈಟ್ ಹಾಕಿ ಅವನ ಅಪ್ಪನಿಗೆ ಫೋನ್ ಮಾಡಿದ್ವಿ, ಬೆಳಗಿನವರೆಗೂ ಯಾರೂ ಮಲಗಲಿಲ್ಲ. ಅವರು ಸಿಕ್ಕಿದ ಬಸ್ಸು ಹತ್ತಿ ಬಂದರು.

ಡಾಕ್ಟರ್ ಮಾತ್ರೆ ಯಾಕೆ ನಿಲ್ಲಿಸಿದೆ ಅಂತ ಕೇಳಿದಾಗ ಅವನು ನಮ್ಮ ಕಡೆ ನೋಡಲಿಲ್ಲ. ನಾವೇ ಒಪ್ಪಿಕೊಂಡ್ವಿ. ಅವರು ಬೈಯಲಿಲ್ಲ. ‘ಮಾತ್ರೆ ಮೊದಲ ದಿನವೇ ಕೆಲಸ ಶುರು ಮಾಡಿರತ್ತೆ. ಅದು ಅವನಿಗೆ ಗೊತ್ತಾಗೋಕೆ ವಾರಗಳು ಬೇಕು’ ಅಂದರು ಅಷ್ಟೇ. ಬಸ್ಸಿನಲ್ಲಿ ವಾಪಸ್ ಬರ್ತಾ ಈ ಮಾತೇ ತಲೆಯಲ್ಲಿ. ಇನ್‌ಪುಟ್ ಮೊದಲ ದಿನ, ಔಟ್‌ಪುಟ್ ಮೂರು ನಾಲ್ಕು ವಾರ ಆದಮೇಲೆ. ಮಧ್ಯದಲ್ಲಿ ಏನಾಗ್ತಿರತ್ತೆ? ಅವತ್ತಿಂದ ಓದೋಕೆ ಶುರು ಮಾಡಿದ್ವಿ.

ಮೊದಲು ಗೊತ್ತಾಗಿದ್ದು, ಈ ಫೀಲ್ಡಿನಲ್ಲಿ ಔಷಧ ಮೊದಲು ಸಿಕ್ಕಿತು, ಥಿಯರಿ ಆಮೇಲೆ ಬಂತು ಅನ್ನೋದು. 1950ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಕ್ಷಯ ರೋಗಿಗಳಿಗೆ ಇಪ್ರೋನಿಯಾಜಿಡ್ ಅಂತ ಒಂದು ಔಷಧ ಕೊಡ್ತಿದ್ದರು. ರೋಗಿಗಳು ತುಂಬ ಲವಲವಿಕೆಯಿಂದ ಓಡಾಡೋಕೆ ಶುರು ಮಾಡಿದರು. ಆ ಔಷಧ ಮೆದುಳಿನಲ್ಲಿ ಸೆರೊಟೋನಿನ್, ನಾರ್‌ಅಡ್ರಿನಲಿನ್ ತರದ ರಾಸಾಯನಿಕಗಳನ್ನ ಒಡೆಯೋ ಕಿಣ್ವವನ್ನ ತಡೆಯತ್ತೆ ಅಂತ ಗೊತ್ತಿತ್ತು. ಹಾಗಾದರೆ ಖಿನ್ನತೆ ಅಂದರೆ ಇವುಗಳ ಕೊರತೆಯೇ ಇರಬೇಕು ಅಂತ ಲೆಕ್ಕ ಹಾಕಿದರು. ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿದ ಹಾಗೆ. ನಾವು ಪರೀಕ್ಷೆಯಲ್ಲಿ ಹಾಗೆ ಮಾಡಿದರೆ ಅರ್ಧ ಮಾರ್ಕ್ಸ್ ಹೋಗತ್ತೆ.

1987ರಲ್ಲಿ ಅಮೆರಿಕದಲ್ಲಿ ಫ್ಲುಯೊಕ್ಸೆಟಿನ್‌ಗೆ ಅನುಮತಿ ಸಿಕ್ಕಿತು. ನಮ್ಮವನ ಮಾತ್ರೆಯೂ ಅದೇ ಜಾತಿಯದು. ನ್ಯೂರಾನ್ ಹೊರಗೆ ಬಿಟ್ಟ ಸೆರೊಟೋನಿನ್ನನ್ನ ವಾಪಸ್ ಎಳ್ಕೊಳ್ಳೋ ಪಂಪ್ ಒಂದಿದೆ. ಮಾತ್ರೆ ಆ ಪಂಪನ್ನ ಬ್ಲಾಕ್ ಮಾಡತ್ತೆ, ಅದೂ ಕೆಲವೇ ಗಂಟೆಗಳಲ್ಲಿ. ಕೊರತೆಯೇ ರೋಗ ಆಗಿದ್ದರೆ ಮಾರನೇ ದಿನವೇ ವಾಸಿಯಾಗಬೇಕಿತ್ತು. ಆಗಲ್ಲ. ಆಯಿಲ್ ಥಿಯರಿ ಇಲ್ಲೇ ಒಡೆಯತ್ತೆ, ಅದಕ್ಕೆ 2022ರ ಸ್ಕ್ರೀನ್‌ಶಾಟೇ ಬೇಕಿರಲಿಲ್ಲ.

ತಡ ಯಾಕೆ ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಒಂದು ವಿವರಣೆ ನಮಗೆ ತಕ್ಷಣ ಅರ್ಥ ಆಗೋಂಥದ್ದು, ನೆಗೆಟಿವ್ ಫೀಡ್‌ಬ್ಯಾಕ್. ಸೆರೊಟೋನಿನ್ ಬಿಡೋ ನ್ಯೂರಾನಿನ ಮೇಲೇ ಒಂದು ಸೆನ್ಸರ್ ಇರತ್ತೆ, ಆಟೋರಿಸೆಪ್ಟರ್ ಅಂತ. ಹೊರಗೆ ಸೆರೊಟೋನಿನ್ ಹೆಚ್ಚಾದ ಕೂಡಲೇ ಅದು ‘ಸಾಕು’ ಅಂತ ಸಿಗ್ನಲ್ ಕೊಟ್ಟು ನ್ಯೂರಾನಿನ ಫೈರಿಂಗ್ ಕಡಿಮೆ ಮಾಡತ್ತೆ. ಆ ಸೆನ್ಸರ್ ಮಂದವಾಗೋಕೆ ಎರಡು ಮೂರು ವಾರ ಬೇಕು. ಇನ್ನೊಂದು ವಿವರಣೆ ಹಿಪ್ಪೊಕ್ಯಾಂಪಸ್ ಅನ್ನೋ ಭಾಗದ್ದು. 2003ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ರೆನೆ ಹೆನ್ ತಂಡ ಇಲಿಗಳ ಹಿಪ್ಪೊಕ್ಯಾಂಪಸ್ಸಿಗೆ ಎಕ್ಸ್‌ರೇ ಹಾಯಿಸಿ ಅಲ್ಲಿ ಹೊಸ ನ್ಯೂರಾನ್ ಹುಟ್ಟೋದನ್ನ ನಿಲ್ಲಿಸಿತು. ಆಮೇಲೆ ಫ್ಲುಯೊಕ್ಸೆಟಿನ್ ಕೊಟ್ಟರೆ ಇಲಿಗಳ ಆತಂಕದ ನಡವಳಿಕೆ ಮೇಲೆ ಪರಿಣಾಮವೇ ಕಾಣಲಿಲ್ಲ. ಹೊಸ ನ್ಯೂರಾನ್ ಹುಟ್ಟಿ, ಬೆಳೆದು, ಉಳಿದವುಗಳ ಜೊತೆ ವೈರಿಂಗ್ ಆಗೋಕೂ ವಾರಗಳೇ ಬೇಕು. ಮನುಷ್ಯರಲ್ಲೂ ಹೀಗೇನಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಹಾಸ್ಟೆಲಿನ ಸೋಲಾರ್ ನಲ್ಲಿ ಎಲ್ಲರಿಗೂ ಗೊತ್ತಲ್ಲ. ತಿರುಗಿಸಿದರೆ ಮೊದಲು ಬರೋದು ಪೈಪಿನಲ್ಲಿ ನಿಂತಿದ್ದ ತಣ್ಣೀರು. ಫಸ್ಟ್ ಇಯರಿನವರು ‘ಬಿಸಿನೀರೇ ಇಲ್ಲ’ ಅಂತ ಎರಡು ನಿಮಿಷಕ್ಕೆ ನಲ್ಲಿ ಮುಚ್ಚಿ ಬೈಕೊಂಡು ಹೋಗ್ತಾರೆ. ಹನ್ನೆರಡನೇ ದಿನ ನಾವು ಮಾಡಿದ್ದು ಅದನ್ನೇ. ಒಂದೇ ವ್ಯತ್ಯಾಸ, ನಲ್ಲಿ ಇನ್ನೊಬ್ಬರದ್ದು.

ನಮ್ಮನ್ನ ನಿಜವಾಗಿ ಅಲ್ಲಾಡಿಸಿದ್ದು ಆಕ್ಸ್‌ಫರ್ಡಿನ ಕ್ಯಾಥರೀನ್ ಹಾರ್ಮರ್ ಅವರ ಪ್ರಯೋಗಗಳು. ಖಿನ್ನತೆ ಇರೋವ್ರು ಬೇರೆಯವರ ಮುಖ ಓದೋದೇ ಬೇರೆ ತರ. ಸುಮ್ಮನಿರೋ ಮುಖವೂ ಅವರಿಗೆ ಸಿಟ್ಟಿನ, ಬೇಸರದ ಮುಖವಾಗಿ ಕಾಣಬಹುದು. ಹಾರ್ಮರ್ ತಂಡ ಜನರಿಗೆ ಒಂದೇ ಒಂದು ಡೋಸ್ ಔಷಧ ಕೊಟ್ಟು, ಕಂಪ್ಯೂಟರಿನಲ್ಲಿ ಮುಖಗಳನ್ನ ತೋರಿಸಿ, ಇದು ಯಾವ ಭಾವ ಹೇಳಿ ಅಂತ ಕೇಳಿತು. ಕೆಲವೇ ಗಂಟೆಗಳಲ್ಲಿ ಅವರು ನಗುಮುಖವನ್ನ ಮೊದಲಿಗಿಂತ ಚೆನ್ನಾಗಿ ಗುರುತಿಸಿದರು. ‘ಈಗ ಹೇಗನ್ನಿಸ್ತಿದೆ’ ಅಂತ ಕೇಳಿದರೆ ಮಾತ್ರ ಏನೂ ಬದಲಾವಣೆ ಇಲ್ಲ. ಅಂದರೆ ಮನಸ್ಸಿನ ಸ್ಥಿತಿ ಬದಲಾಗೋಕೆ ಎಷ್ಟೋ ಮುಂಚೆ ಕಣ್ಣಿಗೆ ಕಾಣೋ ಜಗತ್ತು ಸ್ವಲ್ಪ ಬದಲಾಗಿರತ್ತೆ. 2009ರಲ್ಲಿ ಅವರು ಬರೆದ ಪೇಪರಿನ ವಾದ ಹೀಗಿದೆ: ಹೀಗೆ ಬದಲಾದ ಕಣ್ಣಿನಿಂದ ಜನರನ್ನ, ಘಟನೆಗಳನ್ನ ದಿನಾ ದಿನಾ ಮತ್ತೆ ಮತ್ತೆ ಎದುರಿಸಬೇಕು. ಆಗ ನಿಧಾನಕ್ಕೆ ಮನಸ್ಸು ಅದನ್ನ ಕಲಿಯತ್ತೆ. ತಡ ಆಗೋದು ಅದಕ್ಕೇ.

ಇದನ್ನ ರೂಮಿನಲ್ಲಿ ಜೋರಾಗಿ ಓದ್ತಿದ್ವಿ. ಅವನು ಮಂಚದ ಮೇಲಿಂದಲೇ, ‘ಸೆಪ್ಟೆಂಬರಿನಲ್ಲಿ ನೀವು ಮೂರೂ ಜನ ನನ್ನ ಮೇಲೆ ಸಿಟ್ಟಾಗಿದ್ದೀರ ಅಂದ್ಕೊಂಡಿದ್ದೆ’ ಅಂದ. ನಮಗೆ ಸಿಟ್ಟೇನೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ನಾವು ರೀಲ್ಸ್ ನೋಡ್ತಿದ್ವಿ. ಆದರೆ ಹಾರ್ಮರ್ ಸರಿಯಾಗಿದ್ದರೆ, ಆ ಹನ್ನೆರಡು ದಿನ ಅವನು ದಿನಾ ಎದುರಿಸಿದ ಮುಖಗಳು ಅಂದರೆ ನಮ್ಮ ಮೂರು ಮುಖಗಳೇ. ಔಷಧದ ಅರ್ಧ ಕೆಲಸ ನಮ್ಮ ಕೈಯಲ್ಲಿತ್ತು, ನಾವು ಮೀಟಿಂಗ್ ಮಾಡ್ತಿದ್ವಿ.

ಸ್ಕ್ರೀನ್‌ಶಾಟಿನ ವಿಷಯ. ಅದು ಲಂಡನ್ನಿನ ಜೊವಾನಾ ಮೊಂಕ್ರೀಫ್ ತಂಡದ ವಿಮರ್ಶೆ, ಸೆರೊಟೋನಿನ್ ಕೊರತೆಯಿಂದ ಖಿನ್ನತೆ ಬರತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ ಅಂತ. ಕಾರಣ ಯಾವುದು ಅನ್ನೋದು ಒಂದು ಪ್ರಶ್ನೆ, ಮಾತ್ರೆ ಕೆಲಸ ಮಾಡತ್ತಾ ಅನ್ನೋದು ಇನ್ನೊಂದು. ನಾವು ಎರಡನ್ನೂ ಕಲಸಿಬಿಟ್ವಿ. ಜ್ವರ ಬರೋದು ದೇಹದಲ್ಲಿ ಪ್ಯಾರಸಿಟಮಾಲ್ ಕಡಿಮೆಯಾಗಿ ಅಲ್ಲವಲ್ಲ. 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಚಿಪ್ರಿಯಾನಿ ತಂಡದ ವಿಶ್ಲೇಷಣೆ 522 ಪ್ರಯೋಗಗಳು, 21 ಔಷಧಗಳು, ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಹಾಕಿ, ಎಲ್ಲ 21 ಔಷಧಗಳೂ ಪ್ಲಾಸಿಬೊಗಿಂತ ಮೇಲು ಅಂದಿತು. ಬಹಳ ಮೇಲೇನಲ್ಲ, ಸರಾಸರಿ ವ್ಯತ್ಯಾಸ ಸಾಧಾರಣ. ಅಮೆರಿಕದ ಸ್ಟಾರ್‌ಡಿ ಅಧ್ಯಯನದಲ್ಲಿ ಮೊದಲ ಔಷಧಕ್ಕೇ ಪೂರ್ತಿ ಚೇತರಿಸಿಕೊಂಡವರು ಸುಮಾರು ಮೂರರಲ್ಲಿ ಒಬ್ಬರು. ಉಳಿದವರಿಗೆ ಔಷಧ ಬದಲಾಯಿಸಿ ನೋಡಬೇಕಾಯ್ತು, ಇಲ್ಲವೇ ಇನ್ನೊಂದನ್ನ ಸೇರಿಸಬೇಕಾಯ್ತು. ಗಂಟೆಗಳಲ್ಲಿ ಕೆಲಸ ಮಾಡೋ ಕೆಟಮಿನ್ ಬಗ್ಗೆಯೂ ಓದಿದ್ವಿ. ಅದು ಸೆರೊಟೋನಿನ್ ಬಿಟ್ಟು ಗ್ಲುಟಮೇಟ್ ದಾರಿ ಹಿಡಿಯತ್ತೆ. ಅದರದ್ದೇ ಒಂದು ರೂಪಕ್ಕೆ 2019ರಲ್ಲಿ ಅಮೆರಿಕ ಅನುಮತಿ ಕೊಟ್ಟಿದೆ, ಆದರೆ ಕ್ಲಿನಿಕ್ಕಿನಲ್ಲಿ ಕೂರಿಸಿಕೊಂಡೇ ಕೊಡಬೇಕು, ಮನೆಗೆ ಕೊಟ್ಟು ಕಳಿಸೋ ಹಾಗಿಲ್ಲ.

ಒಂದು ವಿಷಯ ಮಾತ್ರ ನಮ್ಮ ವಯಸ್ಸಿನವರಿಗೆ ಗೊತ್ತಿರಲೇಬೇಕು. ಈ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ 25 ವರ್ಷದ ಒಳಗಿನ ಕೆಲವರಿಗೆ ಸಾಯೋ ಯೋಚನೆ ಹೆಚ್ಚಾಗಬಹುದು ಅಂತ ಅಮೆರಿಕದಲ್ಲಿ ಅದರ ಮಾಹಿತಿ ಪತ್ರದಲ್ಲೇ ಎಚ್ಚರಿಕೆ ಹಾಕ್ತಾರೆ. ಹಾಗಂತ ತಾನಾಗೇ ನಿಲ್ಲಿಸೋದಲ್ಲ, ಕೂಡಲೇ ಡಾಕ್ಟರಿಗೆ ಹೇಳಬೇಕು. ಆ ವಾರಗಳಲ್ಲಿ ಪಕ್ಕದ ಮಂಚದವರು ಕಣ್ಣಿಟ್ಟಿರಬೇಕು.

ಅವನು ಮತ್ತೆ ಮೊದಲಿಂದ ಶುರು ಮಾಡಿದ. ವಾರಕ್ಕೊಮ್ಮೆ ಕೌನ್ಸೆಲಿಂಗ್. ದಿನಾ ಸಂಜೆ ನಾವು ಯಾರಾದರೊಬ್ಬರು ಅವನ ಜೊತೆ ಗೇಟಿನವರೆಗೆ ನಡೀತಿದ್ವಿ, ಮಾತಿದ್ದರೆ ಮಾತು, ಇಲ್ಲದಿದ್ದರೆ ಸುಮ್ಮನೆ. ಹನ್ನೆರಡನೇ ದಿನ ಏನೂ ಆಗಲಿಲ್ಲ. ಇಪ್ಪತ್ತನೇ ದಿನವೂ ಇಲ್ಲ. ಐದನೇ ವಾರ ಮೆಸ್ಸಿನಲ್ಲಿ ತಟ್ಟೆ ಮುಂದೆ ಕೂತು, ‘ಈ ಸಾರಿಗೆ ಉಪ್ಪೇ ಹಾಕಿಲ್ವಲ್ರೋ’ ಅಂದ. ಎಷ್ಟೋ ತಿಂಗಳಿಂದ ಅವನು ರುಚಿ ಬಗ್ಗೆ ಮಾತೇ ಆಡಿರಲಿಲ್ಲ. ಸಾರಿಗೆ ನಿಜವಾಗಲೂ ಉಪ್ಪಿರಲಿಲ್ಲ.

ಪೂರ್ತಿ ಸರಿಹೋಗಿದಾನೆ ಅಂತ ಬರೆಯೋಕಾಗಲ್ಲ. ಒಂದು ಸಬ್ಜೆಕ್ಟ್ ಬ್ಯಾಕ್ ಇದೆ. ಮಾತ್ರೆ ಇನ್ನೂ ನಡೀತಿದೆ, ಯಾವಾಗ ಹೇಗೆ ಇಳಿಸಬೇಕು ಅಂತ ಡಾಕ್ಟರ್ ಹೇಳ್ತಾರೆ. ಕೆಲವು ಬೆಳಗ್ಗೆ ಏಳೋಕೇ ಆಗಲ್ಲ ಅಂತಾನೆ. ಈ ಬರಹದ ಡ್ರಾಫ್ಟ್ ಅವನಿಗೆ ತೋರಿಸಿದಾಗ ಎರಡು ಸಾಲು ಹೊಡೆದು ಹಾಕಿದ, ನಾಲ್ಕು ಒತ್ತಕ್ಷರ ತಿದ್ದಿದ. ಕೊನೆಗೆ ಟೆಲಿ ಮಾನಸ್ ನಂಬರ್ ಹಾಕ್ರೋ ಅಂದ: 14416. ಫ್ರೀ, ದಿನದ 24 ಗಂಟೆಯೂ ಇರತ್ತೆ, ಕನ್ನಡದಲ್ಲೇ ಮಾತಾಡಬಹುದು.